ಕರಗದ ಲೋಹವನ್ನ ಪುಡಿಯಿಂದ ಕಟ್ಟಿದ ಡಾಕ್ಟರ್



ಪೌಡರ್ ಮೆಟಲರ್ಜಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಮ್ಯಾನುಫ್ಯಾಕ್ಚರಿಂಗ್ ಪುಸ್ತಕದ ಕೊನೆಯ ಚಾಪ್ಟರ್. ಪುಡಿ ಮಾಡು, ಬೆರೆಸು, ಡೈನಲ್ಲಿ ಹಾಕಿ ಒತ್ತು, ಫರ್ನೇಸ್‌ನಲ್ಲಿ ಸಿಂಟರ್ ಮಾಡು. ನಾಲ್ಕು ಬಾಕ್ಸ್, ಮೂರು ಬಾಣದ ಗುರುತು, ಐದು ಮಾರ್ಕ್ಸ್. ಇಂಟರ್ನಲ್ಸ್ ಹಿಂದಿನ ರಾತ್ರಿ ಓದಿ ಮುಗಿಸೋ ವಿಷಯ.

ಆದರೆ ಪುಡಿಯಿಂದ ಲೋಹ ಕಟ್ಟೋ ಕೆಲಸಕ್ಕೆ ಕೈ ಹಾಕಿದವರನ್ನ ಕೇಳಿ ನೋಡಿ. ಮೆಗ್ನೀಸಿಯಂ ಪುಡಿಗೆ ಅಲ್ಯೂಮಿನಿಯಂ, ಸತುವು ಬೆರೆಸಿ, ಒತ್ತಿ, ಬಿಸಿ ಮಾಡಿ, ಆಮೇಲೆ ಅದು ಎಷ್ಟು ಗಟ್ಟಿ ಅಂತ ಟೆಸ್ಟ್ ಮಾಡೋ ಪ್ರಾಜೆಕ್ಟ್‌ಗಳು ಈಗ ಬಹಳ ಕಡೆ ನಡೀತಾ ಇವೆ. ಆ ನಾಲ್ಕು ಬಾಕ್ಸ್‌ಗಳ ನಡುವಿನ ಬಾಣಗಳಲ್ಲೇ ಅರ್ಧ ವರ್ಷ ಕಳೆದುಹೋಗುತ್ತೆ. ಒತ್ತಿದ ಬಿಲ್ಲೆ ಕೈಯಲ್ಲೇ ಪುಡಿಯಾಗುತ್ತೆ. ಸಿಂಟರ್ ಆದದ್ದು ನೋಡೋಕೆ ಚೆನ್ನಾಗಿರುತ್ತೆ, ಆದರೆ ಒಳಗೆಲ್ಲ ರಂಧ್ರ. ಇದೆಲ್ಲ ಯಾಕೆ ಹೀಗೆ ಅಂತ ಹುಡುಕ್ತಾ ಹೋದರೆ ಇನ್ನೂರು ವರ್ಷ ಹಿಂದಿನ ಒಬ್ಬ ಮನುಷ್ಯನ ಹತ್ತಿರ ಹೋಗಿ ನಿಲ್ತೀವಿ. ಆತ ಎಂಜಿನಿಯರ್ ಅಲ್ಲ, ಡಾಕ್ಟರ್. ಹೆಸರು ವಿಲಿಯಂ ಹೈಡ್ ವೊಲಾಸ್ಟನ್. ಆತ ಮುಟ್ಟಿದ್ದು ಮೆಗ್ನೀಸಿಯಂ ಅಲ್ಲ, ಪ್ಲಾಟಿನಂ. ಆದರೂ ನಮ್ಮ ಪುಸ್ತಕದ ಆ ನಾಲ್ಕು ಬಾಕ್ಸ್‌ಗಳನ್ನ ನಂಬಿಕೆಯಿಟ್ಟು ಬಳಸಬಹುದಾದ ವಿಧಾನವಾಗಿ ಮಾಡಿದ್ದು ಆತನೇ. ಹಾಗೆ ಮಾಡಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೇಳದೆ ಬಚ್ಚಿಟ್ಟಿದ್ದೂ ಆತನೇ.

ರೋಗಿಗಳ ಚಿಂತೆ ಮಾಡಿ ಸೋತ ಡಾಕ್ಟರ್

ವೊಲಾಸ್ಟನ್ ಹುಟ್ಟಿದ್ದು 1766ರ ಆಗಸ್ಟ್ 6ರಂದು, ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಈಸ್ಟ್ ಡೆರೆಮ್ ಅನ್ನೋ ಊರಲ್ಲಿ. ತಂದೆ ಫ್ರಾನ್ಸಿಸ್ ಚರ್ಚಿನ ಪಾದ್ರಿ, ಜೊತೆಗೆ ಹವ್ಯಾಸಕ್ಕೆ ನಕ್ಷತ್ರಗಳನ್ನ ಅಳೆಯೋ ಖಗೋಳಜ್ಞ. ಮನೆ ತುಂಬ ಮಕ್ಕಳು, ಒಟ್ಟು ಹದಿನೇಳು ಜನ. ಅಳತೆ, ತೂಕ, ನಿಖರತೆ ಅನ್ನೋದೆಲ್ಲ ಆ ಮನೆಯಲ್ಲಿ ಊಟದಷ್ಟೇ ಸಹಜವಾಗಿತ್ತು ಅಂತ ಕಾಣುತ್ತೆ.

ಚಾರ್ಟರ್‌ಹೌಸ್ ಶಾಲೆ ಮುಗಿಸಿ ಕೇಂಬ್ರಿಡ್ಜ್‌ಗೆ ಹೋಗಿ ವೈದ್ಯಕೀಯ ಓದಿದ. 1793ರಲ್ಲಿ ಎಂಡಿ ಆಯ್ತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಫೆಲೋ ಆಗಿ ಆಯ್ಕೆಯಾದ. ಆಗ ವಯಸ್ಸು ಇನ್ನೂ 26. ಕೇಂಬ್ರಿಡ್ಜ್‌ನಲ್ಲೇ ಆತನಿಗೆ ಸ್ಮಿತ್ಸನ್ ಟೆನಂಟ್ ಅನ್ನೋ ಗೆಳೆಯ ಸಿಕ್ಕಿದ. ಕೆಮಿಸ್ಟ್ರಿ ಹುಚ್ಚಿನ ಈ ಗೆಳೆಯ ಮುಂದಿನ ಕಥೆಗೆ ಬೇಕು, ನೆನಪಿಟ್ಟುಕೊಳ್ಳಿ.

ಸಣ್ಣ ಊರುಗಳಲ್ಲಿ ಕೆಲವು ವರ್ಷ ಡಾಕ್ಟರ್ ಕೆಲಸ ಮಾಡಿ 1797ರಲ್ಲಿ ವೊಲಾಸ್ಟನ್ ಲಂಡನ್‌ಗೆ ಬಂದ. ಬುದ್ಧಿಗೆ ಕೊರತೆ ಇರಲಿಲ್ಲ. ಆದರೆ ರೋಗಿಗಳ ನೋವು ಆತನ ತಲೆಯಿಂದ ಇಳೀತಾನೇ ಇರಲಿಲ್ಲ. ಕೊಟ್ಟ ಔಷಧಿ ಕೆಲಸ ಮಾಡುತ್ತೋ ಇಲ್ಲವೋ ಅನ್ನೋ ಚಿಂತೆಯಲ್ಲೇ ಸವೆದುಹೋಗ್ತಿದ್ದ. 1800ರಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಒಂದು ಹುದ್ದೆಗೆ ನಿಂತು ಸೋತ. ಆ ಹೊತ್ತಿಗೆ ಮನೆಯ ಕಡೆಯಿಂದ ಒಂದಷ್ಟು ಆಸ್ತಿ ಕೈಗೆ ಬಂದಿತ್ತು. ಡಾಕ್ಟರ್ ಕೆಲಸಕ್ಕೆ ಶಾಶ್ವತವಾಗಿ ಕೈಮುಗಿದುಬಿಟ್ಟ. ಓದಿದ್ದೇ ಒಂದು, ಮಾಡಿದ್ದೇ ಒಂದು ಅಂತ ನಾವೆಲ್ಲ ತಮಾಷೆ ಮಾಡ್ತೀವಲ್ಲ, ಆ ಸಾಲಿನಲ್ಲಿ ಆತನೂ ಒಬ್ಬ.

ಯಾವ ಒಲೆಗೂ ಬಗ್ಗದ ಲೋಹ

ಆ ಕಾಲದಲ್ಲಿ ಪ್ಲಾಟಿನಂ ಅಂದರೆ ಒಂದು ತಲೆನೋವು. ದಕ್ಷಿಣ ಅಮೆರಿಕದ ನ್ಯೂ ಗ್ರನಾಡಾದಲ್ಲಿ, ಅಂದರೆ ಈಗಿನ ಕೊಲಂಬಿಯಾದಲ್ಲಿ, ನದಿ ಮರಳಿನಲ್ಲಿ ಚಿನ್ನದ ಜೊತೆ ಬೂದು ಬಣ್ಣದ ಭಾರವಾದ ಕಾಳುಗಳು ಸಿಗ್ತಿದ್ದವು. ಆಸಿಡ್‌ಗೆ ಸುಲಭವಾಗಿ ಜಗ್ಗಲ್ಲ, ತುಕ್ಕು ಹಿಡಿಯಲ್ಲ. ಎಂಥ ಒಳ್ಳೆ ಲೋಹ! ಆದರೆ ಕರಗಬೇಕಲ್ಲ? ಪ್ಲಾಟಿನಂ ಕರಗೋದು 1768 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಷ್ಟು ಬಿಸಿ ಕೊಡೋ ಫರ್ನೇಸ್ ಆಗ ಯಾರ ಹತ್ತಿರವೂ ಇರಲಿಲ್ಲ. ಕರಗದ ಮೇಲೆ ಎರಕ ಹೊಯ್ಯೋದು ಹೇಗೆ?

ದಾರಿಗಳನ್ನ ಹುಡುಕಿದವರು ಇದ್ದರು. ಈಗಿನ ಈಕ್ವೆಡಾರ್ ಕರಾವಳಿಯ ಮೂಲನಿವಾಸಿಗಳು ಯುರೋಪಿನವರು ಬರೋದಕ್ಕೆ ಎಷ್ಟೋ ಶತಮಾನ ಮೊದಲೇ ಪ್ಲಾಟಿನಂ ಕಾಳಿಗೆ ಚಿನ್ನದ ಪುಡಿ ಸೇರಿಸಿ, ಚಿನ್ನ ಕರಗಿ ಅಂಟಾಗೋ ಹಾಗೆ ಕಾಯಿಸಿ, ಬಡಿದು ಒಡವೆ ಮಾಡ್ತಿದ್ದರು. ಪ್ಯಾರಿಸ್‌ನಲ್ಲಿ ಪ್ಲಾಟಿನಂಗೆ ಆರ್ಸೆನಿಕ್ ಬೆರೆಸಿ ಕರಗಿಸಿ, ಆಮೇಲೆ ಆರ್ಸೆನಿಕ್ಕನ್ನ ಸುಟ್ಟು ಹೊಗೆ ಮಾಡಿ ಓಡಿಸ್ತಿದ್ದರು. ಆ ಹೊಗೆ ಕುಡಿದವರ ಗತಿ ಏನು ಅಂತ ನೀವೇ ಯೋಚಿಸಿ. ಸ್ಪೇನ್‌ನಲ್ಲಿ ಶಬಾನೋ ಅನ್ನೋ ಕೆಮಿಸ್ಟ್ 1780ರ ದಶಕದಲ್ಲಿ ಬಗ್ಗುವಂಥ ಪ್ಲಾಟಿನಂ ಮಾಡಿದ್ದ. ಆದರೆ ಒಂದು ಸಲ ಚೆನ್ನಾಗಿ ಬಂದದ್ದು ಇನ್ನೊಂದು ಸಲ ಗಾಜಿನ ಹಾಗೆ ಒಡೆಯುತ್ತಿತ್ತು. ಲಂಡನ್ನಿನ ರಿಚರ್ಡ್ ನೈಟ್ ಅನ್ನೋರು 1800ರಲ್ಲಿ ಪ್ಲಾಟಿನಂ ಪುಡಿಯನ್ನ ಒತ್ತಿ, ಕಾಯಿಸಿ, ಬಡಿಯೋ ವಿಧಾನವನ್ನ ಪತ್ರಿಕೆಯಲ್ಲೇ ಪ್ರಕಟಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲಿ. ಒತ್ತು, ಕಾಯಿಸು, ಬಡಿ ಅನ್ನೋ ರೆಸಿಪಿ ವೊಲಾಸ್ಟನ್ ಶುರು ಮಾಡೋ ಹೊತ್ತಿಗೆ ಅಚ್ಚಾಗಿಯೇ ಇತ್ತು. ಹಾಗಾದರೆ ಆತ ಮಾಡಿದ್ದೇನು? ಇದೇ ಈ ಲೇಖನದ ಮುಖ್ಯ ಪ್ರಶ್ನೆ.

ಕ್ರಿಸ್‌ಮಸ್ ಹಿಂದಿನ ದಿನದ ವ್ಯಾಪಾರ

1800ರ ಕೊನೆಯಲ್ಲಿ ವೊಲಾಸ್ಟನ್ ಮತ್ತು ಟೆನಂಟ್ ಪಾರ್ಟ್ನರ್‌ಗಳಾದರು. ಡಿಸೆಂಬರ್ 24ರಂದು ಸುಮಾರು 6,000 ಔನ್ಸ್ ಪ್ಲಾಟಿನಂ ಅದಿರನ್ನ ಸುಮಾರು 800 ಪೌಂಡ್ ಕೊಟ್ಟು ಖರೀದಿ ಮಾಡಿದರು. ಜಮೈಕಾ ಮೂಲಕ ಕಳ್ಳಸಾಗಣೆಯಲ್ಲಿ ಬಂದ ಮಾಲು ಅದು. ಈಗಿನ ಭಾಷೆಯಲ್ಲಿ ಹೇಳೋದಾದರೆ ಇಬ್ಬರು ಕಾಲೇಜು ಗೆಳೆಯರ ಸ್ಟಾರ್ಟಪ್. ಪ್ಲಾಟಿನಂ ಕೆಲಸ ವೊಲಾಸ್ಟನ್‌ದು, ಆಸಿಡ್‌ಗೂ ಕರಗದೆ ಉಳಿಯೋ ಕರಿ ಗಸಿಯ ಪರೀಕ್ಷೆ ಟೆನಂಟ್‌ದು. ಲಂಡನ್ನಿನ ಬಕಿಂಗ್‌ಹ್ಯಾಮ್ ಸ್ಟ್ರೀಟ್‌ನ 14ನೇ ನಂಬರಿನ ಮನೆಯಲ್ಲಿ ವೊಲಾಸ್ಟನ್‌ನ ಲ್ಯಾಬ್. ಒಳಗೆ ಯಾರಿಗೂ ಪ್ರವೇಶ ಇರಲಿಲ್ಲ. ಲ್ಯಾಬ್ ತೋರಿಸಿ ಅಂತ ಕೇಳಿದ ಒಬ್ಬ ಅತಿಥಿಗೆ, ಟೀ ಟ್ರೇ ಮೇಲೆ ನಾಲ್ಕಾರು ಗಾಜಿನ ಬಿಲ್ಲೆ, ಒಂದಷ್ಟು ಪುಟ್ಟ ಸಾಮಾನು ಇಟ್ಟು ತಂದು ಇದೇ ನನ್ನ ಲ್ಯಾಬ್ ಅಂತ ತೋರಿಸಿ ಕಳಿಸಿದ ಅನ್ನೋ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ.

ಅದಿರನ್ನ ರಾಜಾಮ್ಲದಲ್ಲಿ, ಅಂದರೆ ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್‌ಗಳ ಮಿಶ್ರಣದಲ್ಲಿ ಕರಗಿಸಿದರು. ಅದಕ್ಕೆ ನವಸಾಗರ ಹಾಕಿದರೆ ಪ್ಲಾಟಿನಂ ಹಳದಿ ಪುಡಿಯಾಗಿ ತಳಕ್ಕೆ ಇಳಿಯುತ್ತೆ. ನವಸಾಗರ ಅಂದರೆ ಬೇರೇನಲ್ಲ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕೋರು ಬಿಸಿ ಪಾತ್ರೆ ಮೇಲೆ ಎರಚಿ ಬಿಳಿ ಹೊಗೆ ಎಬ್ಬಿಸ್ತಾರಲ್ಲ, ಅದೇ ಅಮೋನಿಯಂ ಕ್ಲೋರೈಡ್.

ಹಳದಿ ಪುಡಿ ಇಳಿದ ಮೇಲೆ ಉಳಿದ ದ್ರಾವಣವನ್ನ ಬೇರೆ ಯಾರಾದರೂ ಆಗಿದ್ದರೆ ಚೆಲ್ಲಿಬಿಡ್ತಿದ್ದರು. ವೊಲಾಸ್ಟನ್ ಚೆಲ್ಲಲಿಲ್ಲ. ಅದರಲ್ಲಿ ಪ್ಲಾಟಿನಂ ಹಾಗೆ ನಡೆದುಕೊಳ್ಳದ ಏನೋ ಇದೆ ಅನ್ನೋದು ಆತನ ಲೆಕ್ಕಕ್ಕೆ ಬಂತು. ಹುಡುಕಿದಾಗ 1802ರಲ್ಲಿ ಒಂದು ಹೊಸ ಲೋಹ ಸಿಕ್ಕಿತು, ಪಲ್ಲಾಡಿಯಂ. ಅದೇ ವರ್ಷ ಕಂಡಿದ್ದ ಪಲ್ಲಾಸ್ ಅನ್ನೋ ಕ್ಷುದ್ರಗ್ರಹದ ಹೆಸರು. 1804ರಲ್ಲಿ ಇನ್ನೊಂದು, ರೋಡಿಯಂ. ಇದರ ಲವಣಗಳು ಗುಲಾಬಿ ಬಣ್ಣ, ಅದಕ್ಕೇ ಗ್ರೀಕ್ ಭಾಷೆಯ ಗುಲಾಬಿಯ ಹೆಸರು. ಆ ಕಡೆ ಟೆನಂಟ್‌ನ ಕರಿ ಗಸಿಯಲ್ಲಿ ಆಸ್ಮಿಯಂ, ಇರಿಡಿಯಂ. ಒಂದೇ ಅದಿರಿನಿಂದ ಇಬ್ಬರು ಗೆಳೆಯರಿಗೆ ನಾಲ್ಕು ಹೊಸ ಮೂಲವಸ್ತು! ಪೀರಿಯಾಡಿಕ್ ಟೇಬಲ್‌ನಲ್ಲಿ ಪ್ಲಾಟಿನಂ ಸುತ್ತ ಇರೋ ಮನೆಗಳನ್ನ ನೋಡಿ, ನಾಲ್ಕು ಈ ಇಬ್ಬರದೇ.

ಸ್ಪೇನ್‌ನ ಪ್ಲಾಟಿನಂ ಒಂದೊಂದು ಸಲ ಒಂದೊಂದು ಥರ ಬರ್ತಿದ್ದದ್ದು ಯಾಕೆ ಅನ್ನೋದಕ್ಕೂ ಉತ್ತರ ಇಲ್ಲೇ ಇತ್ತು. ಪ್ಲಾಟಿನಂ ಅಂದುಕೊಂಡದ್ದರಲ್ಲಿ ಯಾರಿಗೂ ಗೊತ್ತಿಲ್ಲದ ಲೋಹಗಳು ಸೇರಿಕೊಂಡಿದ್ದವು. ಇರಿಡಿಯಂ ಹೆಚ್ಚು ಸೇರಿದರೆ ಲೋಹ ಬಿರುಸಾಗುತ್ತೆ. ಅದಕ್ಕೇ ವೊಲಾಸ್ಟನ್ ಆಸಿಡ್‌ಗೆ ನೀರು ಬೆರೆಸಿ ತೆಳು ಮಾಡಿ ಬಳಸಿದ. ನಿಧಾನವಾದರೂ ಪರವಾಗಿಲ್ಲ, ಇರಿಡಿಯಂ ಮಾತ್ರ ಕರಗಿ ಜೊತೆಗೆ ಬರಬಾರದು ಅಂತ.

ಹೆಸರಿಲ್ಲದ ಕರಪತ್ರ

ಪಲ್ಲಾಡಿಯಂ ಸಿಕ್ಕಾಗ ಆತ ಮಾಡಿದ ಕೆಲಸ ವಿಚಿತ್ರ. ಪೇಪರ್ ಬರೆಯಲಿಲ್ಲ. ಬರೆದರೆ ಯಾವ ಅದಿರಿನ ಮೇಲೆ, ಹೇಗೆ ಕೆಲಸ ಮಾಡ್ತಿದ್ದಾನೆ ಅನ್ನೋ ಗುಟ್ಟು ಹೊರಗೆ ಬರುತ್ತಲ್ಲ! ಹೇಳದೇ ಇದ್ದರೆ ಇನ್ಯಾರಾದರೂ ಕಂಡುಹಿಡಿದು ಹೆಸರು ಹೊಡೆದುಕೊಳ್ತಾರೆ. ಅದಕ್ಕೆ 1803ರ ಏಪ್ರಿಲ್‌ನಲ್ಲಿ ಹೆಸರಿಲ್ಲದ ಒಂದು ಕರಪತ್ರ ಹಂಚಿಸಿದ. ಹೊಸ ಬೆಳ್ಳಿ ಅನ್ನೋ ಹೆಸರಲ್ಲಿ, ಸೋಹೋದ ಒಂದು ಅಂಗಡಿಯಲ್ಲಿ ಪಲ್ಲಾಡಿಯಂ ತುಂಡುಗಳನ್ನ ಮಾರಾಟಕ್ಕೆ ಇಡಿಸಿದ. ಒಂದು ಮೂಲವಸ್ತು ಪ್ರಪಂಚಕ್ಕೆ ಮೊದಲು ಪರಿಚಯ ಆಗಿದ್ದು ಅಂಗಡಿ ಮಾಲಾಗಿ.

ರಿಚರ್ಡ್ ಶೆನೆವಿಕ್ಸ್ ಅನ್ನೋ ಹೆಸರಾಂತ ಕೆಮಿಸ್ಟ್ ಇದರಲ್ಲೇನೋ ಮೋಸ ಇದೆ ಅಂದುಕೊಂಡು ಅಂಗಡಿಯಲ್ಲಿದ್ದದ್ದನ್ನೆಲ್ಲ ಕೊಂಡುಕೊಂಡ. ಇದು ಹೊಸ ಲೋಹವೇ ಅಲ್ಲ, ಪ್ಲಾಟಿನಂ ಮತ್ತು ಪಾದರಸದ ಮಿಶ್ರಣ ಅಂತ ರಾಯಲ್ ಸೊಸೈಟಿಯಲ್ಲಿ ಸಾರಿದ. ವೊಲಾಸ್ಟನ್ ಆಗಲೂ ಬಾಯಿ ಬಿಡಲಿಲ್ಲ. ಮತ್ತೆ ಹೆಸರಿಲ್ಲದೆಯೇ ಒಂದು ಪ್ರಕಟಣೆ ಕೊಟ್ಟ: ಬೇರೆ ಲೋಹಗಳಿಂದ ಪಲ್ಲಾಡಿಯಂ ಮಾಡಿ ತೋರಿಸಿದವರಿಗೆ 20 ಪೌಂಡ್ ಬಹುಮಾನ. ಯಾರೂ ಬರಲಿಲ್ಲ. ಕೊನೆಗೆ 1805ರ ಫೆಬ್ರವರಿಯಲ್ಲಿ ಕಂಡುಹಿಡಿದವನು ನಾನೇ ಅಂತ ಒಪ್ಪಿಕೊಂಡ. ಶೆನೆವಿಕ್ಸ್‌ಗೆ ಆದ ಮುಜುಗರ ಅಷ್ಟಿಷ್ಟಲ್ಲ. ಆಟ ಬುದ್ಧಿವಂತಿಕೆಯದ್ದೇ, ಆದರೆ ಒಳ್ಳೆಯ ಆಟ ಅಂತ ಆ ಕಾಲದ ಎಲ್ಲರಿಗೂ ಅನ್ನಿಸಲಿಲ್ಲ.

ಕೆಸರಿನಿಂದ ಕಂಬಿಯವರೆಗೆ

ಈಗ ಮುಖ್ಯ ವಿಷಯಕ್ಕೆ ಬರೋಣ. ತೊಳೆದ ಹಳದಿ ಪುಡಿಯನ್ನ ಸಣ್ಣ ಉರಿಯಲ್ಲಿ ಕಾಯಿಸಿದರೆ ಅಮೋನಿಯಾ, ಕ್ಲೋರಿನ್ ಎಲ್ಲ ಹಾರಿಹೋಗಿ ಬೂದು ಬಣ್ಣದ ಸ್ಪಂಜಿನಂಥ ಪ್ಲಾಟಿನಂ ಉಳಿಯುತ್ತೆ. ಉರಿ ಜಾಸ್ತಿ ಆಯ್ತೋ, ಕಣಗಳು ಆಗಲೇ ಒಂದಕ್ಕೊಂದು ಅಂಟಿ ಗಂಟಾಗಿ ಕೂರ್ತವೆ. ಆಮೇಲೆ ಎಷ್ಟು ಒತ್ತಿದರೂ ಬಿಗಿಯಾಗಲ್ಲ.

ಸ್ಪಂಜನ್ನ ಕೈಯಲ್ಲೇ ಉಜ್ಜಿ ಪುಡಿ ಮಾಡಿ ತೆಳು ಬಟ್ಟೆಯ ಜರಡಿಯಲ್ಲಿ ಸೋಸಬೇಕು. ಉಳಿದ ತರಿಯನ್ನ ಮರದ ಬಟ್ಟಲಲ್ಲಿ, ಮರದ ಕುಟ್ಟಾಣಿಯಲ್ಲೇ ಅರೆಯಬೇಕು. ಕಲ್ಲು ಬೇಡ, ಕಬ್ಬಿಣ ಬೇಡ. ಗಟ್ಟಿ ವಸ್ತುವಿನಲ್ಲಿ ಉಜ್ಜಿದರೆ ಕಣದ ಮೈ ನುಣುಪಾಗಿ ಹೊಳಪು ಬರುತ್ತೆ, ಹಾಗೆ ಹೊಳಪು ಬಂದ ಕಣ ಪಕ್ಕದ ಕಣದ ಜೊತೆ ಬೆಸೆಯಲ್ಲ ಅನ್ನೋದನ್ನ ಆತ ಗಮನಿಸಿದ್ದ. ಆಮೇಲೆ ನೀರಲ್ಲಿ ತೊಳೆದು ತೊಳೆದು ನುಣ್ಣನೆಯ ಪುಡಿಯನ್ನಷ್ಟೇ ಬೇರೆ ಮಾಡಬೇಕು. ಕೊನೆಗೆ ಉಳಿಯೋದು ದೋಸೆ ಹಿಟ್ಟಿನ ಹದದ ಲೋಹದ ಕೆಸರು.

ಈ ಕೆಸರನ್ನ ಹಿತ್ತಾಳೆಯ ಕೊಳವೆಯೊಳಗೆ ತುಂಬಬೇಕು. ಕೊಳವೆ ಒಂದು ಕಡೆಗೆ ಸ್ವಲ್ಪ ಅಗಲ, ಒತ್ತಿದ ಬಿಲ್ಲೆ ಸಿಕ್ಕಿಹಾಕಿಕೊಳ್ಳದೆ ಹೊರಗೆ ಬರಲಿ ಅಂತ. ನಾವು ಡೈಗೆ ಟೇಪರ್ ಕೊಡ್ತೀವಲ್ಲ, ಅದೇ. ಮೊದಲು ಕೊಳವೆಗೆ ನೀರು, ಆಮೇಲೆ ಕೆಸರು. ಹಾಗೆ ಮಾಡಿದರೆ ನಡುವೆ ಗಾಳಿ ಸಿಕ್ಕಿಕೊಳ್ಳಲ್ಲ, ಪುಡಿ ಎಲ್ಲ ಕಡೆ ಒಂದೇ ಸಮ ಕೂರುತ್ತೆ. ಆಮೇಲೆ ಉದ್ದ ಸನ್ನೆಯ ಪ್ರೆಸ್‌ನಲ್ಲಿ ಬಲವಾಗಿ ಒತ್ತಿದರೆ ನೀರು ಬಸಿದು ಗಟ್ಟಿ ಬಿಲ್ಲೆ ಹೊರಬರುತ್ತೆ. ತಂಬಿಟ್ಟಿನ ಉಂಡೆ ಇದ್ದ ಹಾಗೆ ಅದು. ಆಕಾರ ಇದೆ, ಕೈಯಲ್ಲಿ ನಿಲ್ಲುತ್ತೆ, ಕೆಳಗೆ ಬಿದ್ದರೆ ಮಾತ್ರ ಪುಡಿಪುಡಿ. ಇದನ್ನೇ ನಾವು ಗ್ರೀನ್ ಕಾಂಪ್ಯಾಕ್ಟ್ ಅನ್ನೋದು.

ಮೊದಲು ಇದ್ದಿಲಿನ ಮೇಲೆ ನಿಧಾನವಾಗಿ ಕಾಯಿಸಿ ಒಳಗಿನ ತೇವ ಪೂರ್ತಿ ಓಡಿಸಬೇಕು. ಅವಸರ ಮಾಡಿದರೆ ಒಳಗಿನ ಆವಿ ಬಿಲ್ಲೆಯನ್ನೇ ಒಡೆಯುತ್ತೆ. ಆಮೇಲೆ ಕೋಕ್ ಹಾಕಿದ ಗಾಳಿ ಒಲೆಯಲ್ಲಿ ಸುಮಾರು 20 ನಿಮಿಷ, ಕೊಡೋಕಾಗುವಷ್ಟೂ ಬಿಸಿ. ಕೆಂಪಗೆ ಕಾದ ಬಿಲ್ಲೆಯನ್ನ ತಕ್ಷಣ ಹೊರತೆಗೆದು ನಿಲ್ಲಿಸಿ, ತುದಿಯ ಮೇಲೆ ಸುತ್ತಿಗೆ ಏಟು. ಪಕ್ಕದಿಂದ ಹೊಡೆದರೆ ಬಿರುಕು ಬಿಡುತ್ತೆ, ಅದಕ್ಕೇ ತುದಿಗೇ ಹೊಡೀಬೇಕು. ಅಲ್ಲಿಂದ ಮುಂದೆ ಅದು ಬೇರೆ ಲೋಹಗಳ ಹಾಗೇ. ಬಡಿದು ತಗಡು ಮಾಡಿ, ಎಳೆದು ತಂತಿ ಮಾಡಿ.

ಇಷ್ಟೂ ಕೆಲಸದಲ್ಲಿ ಪ್ಲಾಟಿನಂ ಒಮ್ಮೆಯೂ ಕರಗಲಿಲ್ಲ ಅನ್ನೋದನ್ನ ಗಮನಿಸಿ. ಕಣಗಳು ಮುಟ್ಟಿಕೊಂಡ ಜಾಗದಲ್ಲಿ ಪರಮಾಣುಗಳು ಈ ಕಡೆಯಿಂದ ಆ ಕಡೆ ಸರಿದು ಸಣ್ಣ ಸೇತುವೆ ಕಟ್ತವೆ. ಸೇತುವೆ ದಪ್ಪ ಆದ ಹಾಗೆ ನಡುವಿನ ರಂಧ್ರ ಕುಗ್ಗುತ್ತೆ. ಡಿಫ್ಯೂಷನ್ ಅನ್ನೋ ಈ ವಿವರಣೆ ಆತನಿಗೆ ಗೊತ್ತಿರೋದಕ್ಕೆ ಸಾಧ್ಯವೇ ಇರಲಿಲ್ಲ. ಆದರೂ ಮುಟ್ಟುವ ಮೈ ಶುದ್ಧವಾಗಿರಬೇಕು ಅನ್ನೋದೇ ಎಲ್ಲದರ ಮೂಲ ಅಂತ ಆತನಿಗೆ ಗೊತ್ತಿತ್ತು.

ಸಾಂದ್ರತೆ ಹೇಳಿದ ಸತ್ಯ

ಆತ ಅಷ್ಟಕ್ಕೇ ಬಿಡಲಿಲ್ಲ. ಒಂದೊಂದು ಹಂತದಲ್ಲೂ ತೂಕ ಹಾಕಿ ಸಾಂದ್ರತೆ ಅಳೆದ. ಪ್ರೆಸ್‌ನಿಂದ ಬಂದಾಗ ನೀರಿನ ಸುಮಾರು 10 ಪಟ್ಟು. ಒಲೆಯಿಂದ ಬಂದ ಮೇಲೆ 17ಕ್ಕಿಂತ ಸ್ವಲ್ಪ ಹೆಚ್ಚು. ಬಡಿದ ಮೇಲೆ 21 ದಾಟಿತು. ಸಣ್ಣ ತಂತಿಯಾಗಿ ಎಳೆದಾಗ 21.5, ಇವತ್ತಿನ ಪುಸ್ತಕಗಳಲ್ಲಿ ಪ್ಲಾಟಿನಂಗೆ ಕೊಡೋ ಬೆಲೆಗೆ ಹೆಚ್ಚುಕಡಿಮೆ ಅದೇ.

ಈ ನಾಲ್ಕು ಸಂಖ್ಯೆಗಳನ್ನ ಎಂಜಿನಿಯರ್ ಕಣ್ಣಲ್ಲಿ ಓದಿ. ಒತ್ತಿದಾಗ ಅರ್ಧಕ್ಕಿಂತ ಹೆಚ್ಚು ಬರೀ ಖಾಲಿ ಜಾಗ. ಸಿಂಟರ್ ಆದ ಮೇಲೂ ಸುಮಾರು ಐದನೇ ಒಂದು ಭಾಗ ರಂಧ್ರ. ಬಿಸಿಯಲ್ಲಿ ಬಡಿದಾಗ ಮಾತ್ರ ಅದು ಪೂರ್ತಿ ಲೋಹ. ಗ್ರೀನ್ ಡೆನ್ಸಿಟಿ, ಸಿಂಟರ್ಡ್ ಡೆನ್ಸಿಟಿ, ಫೋರ್ಜ್ಡ್ ಡೆನ್ಸಿಟಿ ಅಂತ ನಾವು ರೆಕಾರ್ಡ್‌ನಲ್ಲಿ ಬರೆಯೋ ಟೇಬಲ್ಲೇ ಇದು. ತಂತಿಗೆ ತೂಕ ನೇತುಹಾಕಿ ಎಷ್ಟಕ್ಕೆ ಹರಿಯುತ್ತೆ ಅಂತಲೂ ನೋಡಿದ. ಚಿನ್ನದ ತಂತಿಗಿಂತ ಗಟ್ಟಿ, ಕಬ್ಬಿಣಕ್ಕೆ ಹತ್ತಿರ ಹತ್ತಿರ ಸಮ ಅಂತ ಬಂತು. ಟೆನ್ಸೈಲ್ ಟೆಸ್ಟ್ ಅಂತ ಹೆಸರು ಹೇಳಲಿಲ್ಲ, ಮಾಡಿದ್ದು ಅದನ್ನೇ.

ನೈಟ್ ಅವರ ರೆಸಿಪಿಗೂ ವೊಲಾಸ್ಟನ್ ಕೆಲಸಕ್ಕೂ ಇದ್ದ ವ್ಯತ್ಯಾಸ ಈಗ ಗೊತ್ತಾಯ್ತಲ್ಲ. ಹಂತಗಳು ಅವೇ. ಪುಡಿ ಎಷ್ಟು ಶುದ್ಧ, ಯಾವುದರಲ್ಲಿ ಅರೆದದ್ದು, ಗಾಳಿ ಎಲ್ಲಿ ಸೇರಿತು, ತೇವ ಹೋಯ್ತಾ ಇಲ್ವಾ ಅನ್ನೋದು ಬೇರೆ. ಕರಗಿಸೋ ಲೋಹದಲ್ಲಿ ಕೊಳೆ ಮೇಲೆ ತೇಲಿ ಬಂದರೆ ಕೆನೆ ತೆಗೆದ ಹಾಗೆ ತೆಗೆದುಬಿಡಬಹುದು. ಪುಡಿಯಲ್ಲಿ ಆ ಅವಕಾಶ ಇಲ್ಲ. ಕಣದ ಮೈಗೆ ಅಂಟಿದ್ದು ಕೊನೆಯವರೆಗೂ ಅಲ್ಲೇ ಇರುತ್ತೆ, ಒಂದು ದಿನ ಬಿರುಕಾಗಿ ಹೊರಗೆ ಬರುತ್ತೆ.

ಹಣವೂ ಬಂತು, ಗುಟ್ಟೂ ಉಳಿಯಿತು

ಈ ಪ್ಲಾಟಿನಂಗೆ ಗಿರಾಕಿಗಳು ಬೇಗ ಸಿಕ್ಕಿದರು. ಬಂದೂಕಿನ ಕಿಡಿ ರಂಧ್ರ ಮದ್ದಿನ ಬಿಸಿಗೆ ಸವೆದುಹೋಗ್ತಿತ್ತು, ಅಲ್ಲಿಗೆ ಪ್ಲಾಟಿನಂ ತುಂಡು ಕೂರಿಸಿದರು. ಸಲ್ಫ್ಯೂರಿಕ್ ಆಸಿಡ್ ಕಾರ್ಖಾನೆಗಳಲ್ಲಿ ಆಸಿಡ್ ಗಟ್ಟಿ ಮಾಡೋಕೆ ಗಾಜಿನ ಪಾತ್ರೆಗಳಿದ್ದವು, ಆಗಾಗ ಒಡೀತಿದ್ದವು. ಅವುಗಳ ಜಾಗಕ್ಕೆ ದೊಡ್ಡ ಪ್ಲಾಟಿನಂ ಬಾಯ್ಲರ್‌ಗಳು ಬಂದವು. ಎರಡು ದಶಕಗಳಲ್ಲಿ ಆತ ಶುದ್ಧ ಮಾಡಿದ ಪ್ಲಾಟಿನಂ ಸುಮಾರು 38,000 ಔನ್ಸ್, ಅಂದರೆ ಒಂದು ಟನ್ನಿಗೂ ಹೆಚ್ಚು. ಅದೂ ಮನೆಯ ಹಿಂದಿನ ಲ್ಯಾಬ್‌ನಲ್ಲಿ.

ನಡುವೆ 1815ರಲ್ಲಿ ಫ್ರಾನ್ಸ್‌ನ ಬೂಲೋನ್ ಹತ್ತಿರ ಕುದುರೆ ಮೇಲೆ ಹೋಗುತ್ತಿದ್ದಾಗ ಸೇತುವೆ ಕುಸಿದು ಟೆನಂಟ್ ತೀರಿಕೊಂಡ. ವೊಲಾಸ್ಟನ್ ಕೆಲಸ ಮುಂದುವರಿಸಿದ. ಮದುವೆ ಆಗಲಿಲ್ಲ. ಹಣಕ್ಕೆ ಕೊರತೆ ಇರಲಿಲ್ಲವಾದ್ದರಿಂದ ಮನಸ್ಸಿಗೆ ಬಂದ ವಿಷಯದ ಹಿಂದೆ ಹೋದ. ಸೂರ್ಯನ ಬೆಳಕಿನ ವರ್ಣಪಟಲದಲ್ಲಿ ಕಪ್ಪು ಗೆರೆಗಳನ್ನ 1802ರಲ್ಲೇ ಕಂಡಿದ್ದ. ಕಣ್ಣೆದುರಿನ ದೃಶ್ಯವನ್ನ ಕಾಗದದ ಮೇಲೆ ನೋಡಿ ಗೆರೆ ಎಳೆಯೋ ಹಾಗೆ ಮಾಡೋ ಕ್ಯಾಮೆರಾ ಲೂಸಿಡಾಕ್ಕೆ 1806ರಲ್ಲಿ ಪೇಟೆಂಟ್ ತೊಗೊಂಡ. ಹರಳಿನ ಕೋನ ಅಳೆಯೋ ಗೋನಿಯೋಮೀಟರ್ ಮಾಡಿದ. ಮೂತ್ರಕೋಶದ ಒಂದು ಕಲ್ಲನ್ನ ಪರೀಕ್ಷೆ ಮಾಡಿ ಈಗ ಸಿಸ್ಟೀನ್ ಅಂತ ಕರೆಯೋ ವಸ್ತುವನ್ನ ಗುರುತಿಸಿದ. ಪ್ಲಾಟಿನಂ ತಂತಿಯನ್ನ ಬೆಳ್ಳಿಯೊಳಗೆ ಇಟ್ಟು ಎರಡನ್ನೂ ಒಟ್ಟಿಗೆ ಎಳೆದು, ಆಮೇಲೆ ಬೆಳ್ಳಿಯನ್ನ ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ತಂತಿ ಮಾಡಿದ. ಅದಕ್ಕೆ ಈಗಲೂ ವೊಲಾಸ್ಟನ್ ತಂತಿ ಅಂತಲೇ ಹೆಸರು.

ಮೆಗ್ನೀಸಿಯಂ ಲೋಹವನ್ನ 1808ರಲ್ಲಿ ಬೇರ್ಪಡಿಸಿದ ಹಂಫ್ರಿ ಡೇವಿ ಆತನ ಸಮಕಾಲೀನ. ಇಬ್ಬರೂ ರಾಯಲ್ ಸೊಸೈಟಿಯವರು. ಡೇವಿ ಸಭೆ ತುಂಬಿಸೋ ಮಾತುಗಾರ, ವೊಲಾಸ್ಟನ್ ಮೂಲೆಯಲ್ಲಿ ಕೂತು ಸಣ್ಣ ಗಾಜಿನ ಬಿಲ್ಲೆಯಲ್ಲಿ ಒಂದು ಹನಿ ಪರೀಕ್ಷೆ ಮಾಡೋನು. 1820ರಲ್ಲಿ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ತೀರಿಕೊಂಡಾಗ ಕೆಲವು ತಿಂಗಳು ವೊಲಾಸ್ಟನ್ ಅಧ್ಯಕ್ಷನಾಗಿದ್ದ. ಆಮೇಲೆ ಚುನಾವಣೆಗೆ ನಿಲ್ಲದೆ ಡೇವಿಗೆ ಜಾಗ ಬಿಟ್ಟುಕೊಟ್ಟ.

ಪ್ಲಾಟಿನಂ ವ್ಯಾಪಾರ 1820ರ ಸುಮಾರಿಗೆ ನಿಂತುಹೋಯ್ತು, ಒಳ್ಳೆ ಅದಿರು ಸಿಗೋದು ಕಷ್ಟವಾಯ್ತು. ಅಂದರೆ ಗುಟ್ಟು ಇಟ್ಟುಕೊಳ್ಳೋದಕ್ಕೆ ವ್ಯಾಪಾರದ ಕಾರಣವೂ ಉಳಿದಿರಲಿಲ್ಲ. ಆದರೂ ಆತ ಹೇಳಲಿಲ್ಲ. ಅಷ್ಟರಲ್ಲಿ ರಷ್ಯಾದ ಉರಲ್ ಪರ್ವತಗಳಲ್ಲಿ ಪ್ಲಾಟಿನಂ ಸಿಕ್ಕಿತು. ಅಲ್ಲಿನ ಎಂಜಿನಿಯರ್ ಸೊಬೊಲೆವ್‌ಸ್ಕಿ ತಾನಾಗಿಯೇ ಪುಡಿ ಒತ್ತಿ ಕಾಯಿಸೋ ವಿಧಾನ ಕಂಡುಕೊಂಡು 1827ರಲ್ಲಿ ಎಲ್ಲರ ಮುಂದೆ ಇಟ್ಟ. 1828ರಲ್ಲಿ ರಷ್ಯಾ ಪ್ಲಾಟಿನಂ ನಾಣ್ಯಗಳನ್ನೇ ಹೊರತಂದಿತು. ಲಂಡನ್‌ನಲ್ಲಿ ಇಪ್ಪತ್ತು ವರ್ಷದಿಂದ ಪೆಟ್ಟಿಗೆಯೊಳಗೆ ಇದ್ದ ಕೆಲಸವನ್ನ ಇನ್ನೊಬ್ಬರು ಮೊದಲಿಂದ ಮಾಡಬೇಕಾಯ್ತು.

ಕೊನೆಯ ಎರಡು ತಿಂಗಳು

1828ರಲ್ಲಿ ವೊಲಾಸ್ಟನ್‌ಗೆ ಎಡಗೈ ಮರಗಟ್ಟೋಕೆ ಶುರುವಾಯ್ತು. ಓದಿದ್ದು ವೈದ್ಯಕೀಯ ಅಲ್ವಾ, ಏನಾಗ್ತಿದೆ ಅಂತ ಆತನಿಗೆ ಅರ್ಥವಾಗಿತ್ತು. ಮಿದುಳಿನಲ್ಲಿ ಗೆಡ್ಡೆ. ಸಮಯ ಕಡಿಮೆ. ಆಗ ಆತ ಬರೆಯುವವರನ್ನ ಪಕ್ಕಕ್ಕೆ ಕೂರಿಸಿಕೊಂಡು, ಬಾಕಿ ಉಳಿದ ಕೆಲಸಗಳನ್ನ ಒಂದೊಂದಾಗಿ ಹೇಳಿ ಬರೆಸಿದ. ಅದರಲ್ಲಿ ಮುಖ್ಯವಾದದ್ದು ಪ್ಲಾಟಿನಂ ವಿಧಾನ. ಮರದ ಕುಟ್ಟಾಣಿ, ನೀರು ತುಂಬಿದ ಕೊಳವೆ, 20 ನಿಮಿಷದ ಬಿಸಿ, ತುದಿಗೆ ಹೊಡೆಯೋ ಏಟು, ಸಾಂದ್ರತೆಯ ಸಂಖ್ಯೆಗಳು, ಯಾವುದನ್ನೂ ಬಿಡಲಿಲ್ಲ. 1828ರ ನವೆಂಬರ್ 20ರಂದು ರಾಯಲ್ ಸೊಸೈಟಿಯಲ್ಲಿ ಅದನ್ನ ಬೇಕೇರಿಯನ್ ಉಪನ್ಯಾಸವಾಗಿ ಓದಲಾಯ್ತು. ಆ ವರ್ಷದ ರಾಯಲ್ ಮೆಡಲ್ ಕೂಡ ಇದಕ್ಕೇ ಬಂತು.

ಒಂದು ತಿಂಗಳ ನಂತರ, ಡಿಸೆಂಬರ್ 22ರಂದು, 62ನೇ ವಯಸ್ಸಿನಲ್ಲಿ ತೀರಿಕೊಂಡ. ಕೊನೆಯ ಗಳಿಗೆಯಲ್ಲಿ, ಈತನಿಗೆ ಇನ್ನು ಪ್ರಜ್ಞೆ ಇಲ್ಲ ಅಂತ ಸುತ್ತಲಿದ್ದವರು ಮಾತಾಡಿಕೊಂಡಾಗ, ಸನ್ನೆ ಮಾಡಿ ಪೆನ್ಸಿಲ್ ತರಿಸಿಕೊಂಡು, ಒಂದಷ್ಟು ಸಂಖ್ಯೆ ಬರೆದು, ಸರಿಯಾಗಿ ಕೂಡಿಸಿ ತೋರಿಸಿದ ಅಂತ ಹೇಳ್ತಾರೆ. ಲಂಡನ್ನಿನ ಜಿಯಲಾಜಿಕಲ್ ಸೊಸೈಟಿಗೆ ಆತ ಕೊಟ್ಟ 1,000 ಪೌಂಡ್‌ನಿಂದ ವೊಲಾಸ್ಟನ್ ಮೆಡಲ್ ಶುರುವಾಯ್ತು. 1831ರಲ್ಲಿ ಮೊದಲನೆಯದು ಇಂಗ್ಲೆಂಡಿನ ಭೂವಿಜ್ಞಾನದ ನಕ್ಷೆ ಮಾಡಿದ ವಿಲಿಯಂ ಸ್ಮಿತ್‌ಗೆ ಸಿಕ್ಕಿತು.

ಪ್ಲಾಟಿನಂನಿಂದ ಮೆಗ್ನೀಸಿಯಂವರೆಗೆ

ಇಷ್ಟೆಲ್ಲ ಓದಿ, ಇದು ನಮ್ಮ ಮೆಗ್ನೀಸಿಯಂಗೆ ಯಾಕೆ ಅಂತ ಕೇಳಬಹುದು. 1910ರ ಹೊತ್ತಿಗೆ ಅಮೆರಿಕದ ಕೂಲಿಜ್ ಟಂಗ್‌ಸ್ಟನ್ ಪುಡಿಯನ್ನ ಒತ್ತಿ, ಸಿಂಟರ್ ಮಾಡಿ, ಬಿಸಿಯಲ್ಲಿ ಬಡಿದು ಬಲ್ಬಿನ ತಂತಿ ಮಾಡಿದರು. ಅದೇ ದಾರಿ. ಆದರೆ ಮೆಗ್ನೀಸಿಯಂನಲ್ಲಿ ಆ ದಾರಿ ಹಾಗೇ ನಡೆಯಲ್ಲ, ಯಾಕೆ ಅನ್ನೋದೇ ಸ್ವಾರಸ್ಯ.

ಪ್ಲಾಟಿನಂ ಗಾಳಿಯಲ್ಲಿ ಕಾದರೂ ಮೈಮೇಲೆ ಆಕ್ಸೈಡ್ ಪೊರೆ ಉಳಿಸಿಕೊಳ್ಳಲ್ಲ. ವೊಲಾಸ್ಟನ್‌ನ ಅದೃಷ್ಟ ಅದು. ಮೆಗ್ನೀಸಿಯಂ ಕರಗೋದು ಬರೀ 650 ಡಿಗ್ರಿಯಲ್ಲಿ, ಆದರೆ ಪ್ರತಿ ಕಣದ ಸುತ್ತಲೂ ಆಕ್ಸೈಡಿನ ಸಿಪ್ಪೆ. ಹೈಡ್ರೋಜನ್ ಕೊಟ್ಟರೂ ಆ ಸಿಪ್ಪೆ ಹೋಗಲ್ಲ. ಹಾಗಾಗಿ ಆರ್ಗಾನ್‌ನಲ್ಲಿ ಸಿಂಟರ್ ಮಾಡಿ ಹೊಸ ಸಿಪ್ಪೆ ಬೆಳೆಯದ ಹಾಗೆ ನೋಡ್ಕೋಬೇಕು. ಇರೋ ಸಿಪ್ಪೆಯನ್ನ ಬಿಸಿಯಲ್ಲಿ ಎಕ್ಸ್‌ಟ್ರೂಡ್ ಮಾಡಿ ಹರಿಯಬೇಕು. ವೊಲಾಸ್ಟನ್‌ನ ಸುತ್ತಿಗೆ ಮಾಡಿದ ಕೆಲಸಕ್ಕೆ ಇದು ಹತ್ತಿರ. ಅಲ್ಯೂಮಿನಿಯಂ ಬೆರೆಸಿದರೆ ಸುಮಾರು 437 ಡಿಗ್ರಿಯಲ್ಲೇ ಸ್ವಲ್ಪ ದ್ರವ ಹುಟ್ಟಿ ಕಣಗಳ ನಡುವೆ ಹರಿದು ಬೆಸೆಯೋಕೆ ಸಹಾಯ ಮಾಡುತ್ತೆ. ಈಕ್ವೆಡಾರ್‌ನ ಅಕ್ಕಸಾಲಿಗರ ಚಿನ್ನದ ಉಪಾಯ ನೆನಪಾಯ್ತಾ?

ಆತನ ಒದ್ದೆ ಕೆಸರಿನ ವಿಧಾನವನ್ನ ಇಲ್ಲಿ ಕನಸಲ್ಲೂ ನೆನೆಯಬೇಡಿ. ನುಣ್ಣನೆಯ ಮೆಗ್ನೀಸಿಯಂ ಪುಡಿ ನೀರು ಕಂಡರೆ ಹೈಡ್ರೋಜನ್ ಬಿಡುತ್ತೆ. ಬೆಂಕಿ ಹತ್ತಿದರೆ ನೀರು, ಕಾರ್ಬನ್ ಡೈಆಕ್ಸೈಡ್ ಎರಡೂ ಉರಿಯನ್ನ ಇನ್ನೂ ಹೆಚ್ಚಿಸ್ತವೆ. ಒಣ ಮರಳು ಅಥವಾ ಲೋಹದ ಬೆಂಕಿಗೆಂದೇ ಇರೋ ಪುಡಿ ಪಕ್ಕದಲ್ಲಿ ಇಲ್ಲದೆ ಡಬ್ಬಿ ಮುಚ್ಚಳ ತೆಗೀಬಾರದು.

ಆದರೆ ಮರದ ಕುಟ್ಟಾಣಿಯ ಪಾಠ ಹಾಗೇ ಉಳಿದಿದೆ. ಮೆಗ್ನೀಸಿಯಂಗೆ ಕಬ್ಬಿಣ, ನಿಕಲ್, ತಾಮ್ರ ಸೇರಿದರೆ, ಅದೂ ಬಹಳ ಸಣ್ಣ ಪ್ರಮಾಣದಲ್ಲಿ ಸೇರಿದರೂ ಸಾಕು, ಉಪ್ಪು ನೀರಲ್ಲಿ ಬೇಗ ಕೊರೆದುಹೋಗುತ್ತೆ. ಸ್ಟೀಲ್ ಡಬ್ಬಿಯಲ್ಲಿ ಸ್ಟೀಲ್ ಗುಂಡು ಹಾಕಿ ಗಂಟೆಗಟ್ಟಲೆ ಬಾಲ್ ಮಿಲ್ ಓಡಿಸಿದರೆ ಆ ಕಬ್ಬಿಣ ಎಲ್ಲಿಂದ ಬರುತ್ತೆ ಹೇಳಿ? ಹಾರ್ಡ್‌ನೆಸ್ ಟೆಸ್ಟ್ ಇದನ್ನ ಹೇಳಲ್ಲ, ಕರೋಷನ್ ಟೆಸ್ಟ್ ಹೇಳುತ್ತೆ. ಸಾಂದ್ರತೆಯ ಟೇಬಲ್ ಕೂಡ ಹಾಗೇ. ಮೆಗ್ನೀಸಿಯಂನ ಸಾಂದ್ರತೆ 1.74. ನಮ್ಮ ಬಿಲ್ಲೆ 1.5 ತೋರಿಸ್ತಿದೆ ಅಂದರೆ, ಮೈಕ್ರೋಸ್ಕೋಪ್ ಹತ್ತಿರ ಹೋಗೋದಕ್ಕೆ ಮೊದಲೇ ಒಳಗೆ ಏನಿದೆ ಅಂತ ಗೊತ್ತು.

ವೊಲಾಸ್ಟನ್ ಗುಟ್ಟು ಇಟ್ಟುಕೊಂಡದ್ದು ತಪ್ಪು ಅಂತ ಇವತ್ತು ಕೂತು ತೀರ್ಪು ಕೊಡೋದು ಸುಲಭ. ಆ ಹಣದಿಂದಲೇ ಆತನ ಉಳಿದ ಸಂಶೋಧನೆ ನಡೆದದ್ದೂ ನಿಜ. ಆದರೆ ಆ ಕಾಯಿಲೆ ಎರಡು ತಿಂಗಳು ಮುಂಚೆ ಬಂದಿದ್ದರೆ? ಮರದ ಕುಟ್ಟಾಣಿಯೇ ಯಾಕೆ ಅನ್ನೋದು ಆತನ ಜೊತೆಯೇ ಮಣ್ಣಾಗ್ತಿತ್ತು. ಒತ್ತು, ಕಾಯಿಸು, ಬಡಿ ಅನ್ನೋದು ಮಾತ್ರ ಉಳೀತಿತ್ತು. ಅದು ಮೊದಲೇ ಎಲ್ಲರಿಗೂ ಗೊತ್ತಿದ್ದದ್ದೇ.

ಅದಕ್ಕೇ ಮುಂದಿನ ಸಲ ಯಾವುದಾದರೂ ಪ್ರಾಜೆಕ್ಟ್ ರಿಪೋರ್ಟ್ ಬರೆಯುವಾಗ, ಪುಡಿ ಒತ್ತಿ ಸಿಂಟರ್ ಮಾಡಲಾಯಿತು ಅಂತ ಒಂದೇ ಸಾಲಲ್ಲಿ ಮುಗಿಸಬೇಡಿ. ಯಾವ ಡಬ್ಬಿಯಲ್ಲಿ ಅರೆದಿರಿ, ಎಷ್ಟು ಹೊತ್ತು, ಯಾವ ಹಂತದಲ್ಲಿ ಸಾಂದ್ರತೆ ಎಷ್ಟಿತ್ತು, ಎಷ್ಟು ಬಿಲ್ಲೆ ಒಡೆದವು, ಎಲ್ಲ ಬರೆಯಿರಿ. ನಿಮ್ಮ ಜೂನಿಯರ್‌ಗೆ ಬೇಕಾಗೋದು ಅದೇ.